ಗಟ್ಟಿಯಾಗಿ ಹೇಳಿದ ಒಂದು ಪ್ರಾರ್ಥನೆ

ಇಸ್ತ್ರಿ ಹಾಕುವಾಗ ಮ್ಯಾಗ್ಡಲಿನ್ ಬಾಯಿ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಪೆಟ್ಟಿಗೆಯೊಳಗಿನ ಗೆರಟೆ ಕೆಂಡದಿಂದ ಕಿಡಿ ಹಾರಿ ಬಟ್ಟೆ ಸುಟ್ಟೀತೆಂಬ ಹೆದರಿಕೆ. ಅದು ಇಗರ್ಜಿಯ ಬಲಿಪೀಠದ ಮೇಲೆ ಹಾಸುವ ಬಿಳಿ ಬಟ್ಟೆ. ಸುಟ್ಟರೆ ಊರಿಗೆಲ್ಲ ಉತ್ತರ ಕೊಡಬೇಕು.

ಕಾಪುವಿನಿಂದ ಉದ್ಯಾವರದ ಕಡೆ ಹೋಗುವ ಹೆದ್ದಾರಿಯನ್ನು ಬಿಟ್ಟು ಕಡಲಿನ ಕಡೆ ಇಳಿದರೆ ಸಿಗುವ ವಾಡೊದಲ್ಲಿ, ಅಂದರೆ ಹದಿನಾಲ್ಕು ಮನೆಗಳ ಕ್ರೈಸ್ತ ಕೇರಿಯಲ್ಲಿ, ಅವಳದು ಕೊನೆಯ ಮನೆ. ಅಪ್ಪ ಇಗರ್ಜಿಯಲ್ಲಿ ಗಂಟೆ ಹೊಡೆಯುತ್ತಿದ್ದವರು. ಅವರಿಗೆ ಪಾರ್ಶ್ವವಾಯು ಬಡಿದ ವರ್ಷ ಮ್ಯಾಗ್ಡಲಿನಳಿಗೆ ಬಂದಿದ್ದ ಸಂಬಂಧ ತಪ್ಪಿತು. ಆಮೇಲೆ ಬೇರೊಂದು ಬರಲಿಲ್ಲ. ಗಂಟೆಯ ಹಗ್ಗ ಬೇರೆಯವರ ಕೈಗೆ ಹೋಯಿತು, ಬಟ್ಟೆ ಒಗೆಯುವ ಕೆಲಸ ಇವಳ ಪಾಲಿಗೆ ಉಳಿಯಿತು. ಬುಧವಾರ ಗಂಜಿ ಹಾಕಿ ಒಣಗಿಸುವುದು, ಗುರುವಾರ ಶುಕ್ರವಾರ ಎರಡೂ ಮಧ್ಯಾಹ್ನ ಜಗಲಿಯಲ್ಲಿ ನಿಂತು ಇಸ್ತ್ರಿ ಹಾಕುವುದು. ಎದುರಿಗೆ ಒಂದು ಬೆಂಚು.

ಆ ಬೆಂಚಿನ ಮೇಲೆ ಮೊದಲು ಕೂತವಳು ವೆರೊನಿಕಾ ಎಂಬ ವಿಧವೆ. ಹರಿದ ಬಟ್ಟೆಗೆ ಹೊಲಿಗೆ ಹಾಕಿ ತಂದುಕೊಟ್ಟವಳು ಹೋಗಲು ಏಳಲಿಲ್ಲ. ಕೂತಲ್ಲಿಂದಲೇ, "ಅವರು ಹೋದ ಮೇಲೆ ನನಗೆ ಪ್ರಾರ್ಥನೆ ಆಗುದಿಲ್ಲ. ಬಾಯಲ್ಲಿ ಬರ್ತದೆ. ಒಳಗೆ ಎಂತದೂ ಇಲ್ಲ" ಎಂದಳು.

ಮ್ಯಾಗ್ಡಲಿನ್ ಮಡಿಕೆಯ ಮೇಲೆ ಪೆಟ್ಟಿಗೆ ಒತ್ತುತ್ತ, "ಮೊದಲು ಒಳಗೆ ಎಂತ ಇರ್ತಿತ್ತು?" ಎಂದು ಕೇಳಿದಳು.

ಎರಡು ಬಟ್ಟೆ ಮುಗಿಯುವವರೆಗೆ ವೆರೊನಿಕಾ ಯೋಚಿಸಿದಳು. "ಅವರು ಪಕ್ಕದಲ್ಲಿ ತೂಕಡಿಸ್ತಿದ್ದರು. ನಾನು ಮೊಣಕೈಯಿಂದ ತಿವೀತಿದ್ದೆ" ಎಂದು ನಕ್ಕು, ನಗು ಮುಗಿಯುವ ಮೊದಲೇ ಅತ್ತಳು. ಮ್ಯಾಗ್ಡಲಿನ್ ಆಗಲೂ ತಲೆ ಎತ್ತಲಿಲ್ಲ. ಮರುವಾರ ವೆರೊನಿಕಾ ಮತ್ತೆ ಬಂದಳು. ಆಮೇಲೆ ಇನ್ನೊಬ್ಬರು ಬಂದರು.

ಹೀಗೆ ಶುರುವಾದದ್ದು ಎಂಟು ಒಂಬತ್ತು ವರ್ಷ ನಡೆಯಿತು. ಬಂದವರಿಗೆ ಅವಳು ಬುದ್ಧಿ ಹೇಳುತ್ತಿರಲಿಲ್ಲ. ಒಂದೋ ಎರಡೋ ಪ್ರಶ್ನೆ ಕೇಳುತ್ತಿದ್ದಳು, ಉತ್ತರ ಬರುವವರೆಗೆ ಇಸ್ತ್ರಿ ಹಾಕುತ್ತಿದ್ದಳು. ನೋಡುವ ಕಣ್ಣಿಲ್ಲದ ಕಡೆ ಮಾತಾಡುವುದು ಸುಲಭ. ಎದುರಿಗೆ ಇರುತ್ತಿದ್ದದ್ದು ಅವಳ ಬೈತಲೆಯ ಗೆರೆ, ಕೆಂಡದ ವಾಸನೆ, ಬಟ್ಟೆಯಿಂದ ಏಳುವ ಗಂಜಿಯ ಬಿಸಿ ಆವಿ. ಮೀನು ಮಾರುವ ಬೇಬಿಯೂ ಬುಟ್ಟಿ ಕೆಳಗಿಟ್ಟು ಕೂರುತ್ತಿದ್ದಳು. "ನಿಮ್ಮವರಿಗೆ ಪಾಪ ಹೇಳ್ಲಿಕ್ಕೆ ಇಗರ್ಜಿಯಲ್ಲಿ ಒಂದು ಪೆಟ್ಟಿಗೆ ಉಂಟು, ಒಳಗೆ ಪಾದ್ರಿ ಉಂಟು. ನಮಗೆ ಎಂತ ಉಂಟು ಬಾಯಮ್ಮ? ನಿಮ್ಮ ಈ ಇಸ್ತ್ರಿ ಪೆಟ್ಟಿಗೆಯೇ" ಎಂದು ನಗುತ್ತಿದ್ದಳು. ಅವಳ ಗಂಡ ದೇಜಪ್ಪ ದೋಣಿಯಲ್ಲಿ ಕಡಲಿಗೆ ಹೋಗುವವನು, ಮನೆಯಲ್ಲಿ ಮಾತೇ ಆಡದವನು. ಅದೇ ಬೇಬಿಯ ದುಃಖ.

೧೯೭೭ರಲ್ಲಿ ಫಾದರ್ ಕಜೆಟನ್ ವಿಗಾರರಾಗಿ, ಅಂದರೆ ಇಗರ್ಜಿಯ ಮುಖ್ಯ ಪಾದ್ರಿಯಾಗಿ, ಬಂದರು. ಬೆಂಗಳೂರಿನಲ್ಲಿ ಆರು ತಿಂಗಳು ಯಾವುದೋ ತರಬೇತಿ ಮುಗಿಸಿ ಬಂದಿದ್ದ ಅವರ ತಲೆಯಲ್ಲಿ ಹೊಸ ಗಾಳಿ ಇತ್ತು. ಮರುವರ್ಷ ಈಸ್ಟರ್ ಕಳೆದ ಒಂದು ಗುರುವಾರ ಅವರು ತಾವೇ ಬಂದು ಬೆಂಚಿನ ಮೇಲೆ ಕೂತರು. ಮ್ಯಾಗ್ಡಲಿನ್ ಗಾಬರಿಯಾಗಿ ಪೆಟ್ಟಿಗೆ ಕೆಳಗಿಟ್ಟಳು.

"ಕೆಲಸ ಬಿಡಬೇಡಿ ಬಾಯಿ. ನಾನು ಜಗಳಕ್ಕೆ ಬಂದವನಲ್ಲ, ಆದರೆ ನನ್ನ ಗಿರಾಕಿಗಳೆಲ್ಲ ಇಲ್ಲಿಗೆ ಬರ್ತಾರೆ ಅಂತ ಸುದ್ದಿ ಉಂಟು."

"ಅಯ್ಯೋ ಪಾದ್ರ್ಯಾಬ್, ಅವರು ಸುಮ್ಮನೆ ಮಾತಾಡ್ಲಿಕ್ಕೆ..."

"ಅದೇ ನಾನು ಹೇಳುದು. ಪಾಪನಿವೇದನೆಗೆ ಪಾಪ ಮಾಡಿದವರು ಬರ್ತಾರೆ. ಪಾಪ ಮಾಡದೆ ಕತ್ತಲೆಯಲ್ಲಿರುವವರು ಎಲ್ಲಿಗೆ ಹೋಗಬೇಕು? ದೇವರಿಗೆ ತನ್ನಿಂದ ಎಂತ ಬೇಕು ಅಂತ ಗೊತ್ತಾಗದವರು? ಸಾಲಿನಲ್ಲಿ ಮೂವತ್ತು ಜನ ನಿಂತಿರುವಾಗ ನಾನು ಒಬ್ಬರಿಗೆ ಐದು ನಿಮಿಷ ಕೊಟ್ಟರೆ ಹೆಚ್ಚು. ಇದಕ್ಕೆ ತಿಂಗಳುಗಟ್ಟಲೆ ಬೇಕು."

ಆಮೇಲೆ ಅವರು ತಮ್ಮ ಆಸೆಯನ್ನು ಹೇಳಿದರು. ಇಗರ್ಜಿಯ ಪಕ್ಕದಲ್ಲಿ ಮೇಣದಬತ್ತಿ ಇಡುವ ಸಣ್ಣ ಕೋಣೆ ಇದೆಯಲ್ಲ, ಅದನ್ನು ಖಾಲಿ ಮಾಡಿಸಬೇಕು. ಎರಡು ಕುರ್ಚಿ ಸಾಕು. ವಾರಕ್ಕೆ ಎರಡು ಮಧ್ಯಾಹ್ನ ಬಾಯಿ ಅಲ್ಲಿ ಕೂತು, ಬಂದವರ ಜೊತೆ ಅವರ ಒಳಗಿನ ದಾರಿಯಲ್ಲಿ ಸ್ವಲ್ಪ ದೂರ ನಡೆಯಬೇಕು. ಇಗರ್ಜಿಯ ಪಾಲನಾ ಮಂಡಳಿ ಒಪ್ಪಿದರೆ ಅವಳನ್ನು ಮೂರು ತಿಂಗಳ ತರಬೇತಿಗೂ ಕಳಿಸಬಹುದು. ಇದು ಪಾದ್ರಿಗಳದ್ದೂ ಸಿಸ್ಟರುಗಳದ್ದೂ ಮಾತ್ರವಲ್ಲ, ಕಿವಿ ಇರುವ ಯಾರ ಸೇವೆಯೂ ಆಗಬಹುದು. "ಹತ್ತು ವರ್ಷದಲ್ಲಿ ನೋಡಿ, ಪ್ರತಿ ಇಗರ್ಜಿಯಲ್ಲೂ ಇಂಥ ಒಂದು ಕೋಣೆ ಇರ್ತದೆ. ಕಾರ್ಕಳದಲ್ಲಿ, ಉಡುಪಿಯಲ್ಲಿ. ಆದರೆ ಮೊದಲನೆಯದು ಇಲ್ಲಿ" ಎಂದರು.

"ನಾನು ಏಳನೇ ಕ್ಲಾಸು ಪಾದ್ರ್ಯಾಬ್."

"ನಾನು ಎಷ್ಟೋ ಕ್ಲಾಸು ಓದಿದ್ದೇನೆ. ಆದರೂ ವೆರೊನಿಕಾ ನನ್ನ ಹತ್ರ ಬರಲಿಲ್ಲ, ಅಲ್ವಾ?"

ಅವರು ಹೋದ ಮೇಲೆ ಮ್ಯಾಗ್ಡಲಿನ್ ಬಹಳ ಹೊತ್ತು ಆರಿದ ಪೆಟ್ಟಿಗೆಯನ್ನೇ ಬಟ್ಟೆಯ ಮೇಲೆ ಎಳೆಯುತ್ತಿದ್ದಳು. ನಲವತ್ತಾರು ವರ್ಷಗಳಲ್ಲಿ ತನ್ನದೆನ್ನುವ ಒಂದು ಕೆಲಸಕ್ಕೆ ಯಾರೋ ಹೆಸರು ಕೊಟ್ಟಿದ್ದರು. ಮಂಡಳಿಯ ಸಭೆ ನವೆಂಬರಿನಲ್ಲಿ. ಅಲ್ಲಿಯವರೆಗೆ ಕಾಯಬೇಕಿತ್ತು.

ಆ ಜೂನಿನಲ್ಲಿ ಲೊರ್ನಾ ಬಂದಳು.

ಲೊರ್ನಾ ವಾಡೊದ ಗುರ್ಕಾರ ಜೋಕಿಮರ ಮಗಳು. ಗುರ್ಕಾರ ಎಂದರೆ ಆ ಹದಿನಾಲ್ಕು ಮನೆಗಳಿಗೂ ಇಗರ್ಜಿಗೂ ನಡುವಿನ ಹಿರಿಯ. ಇಪ್ಪತ್ತೆರಡರ ಹುಡುಗಿ, ಮಣಿಪಾಲದಲ್ಲಿ ನರ್ಸಿಂಗ್ ಮುಗಿಸುತ್ತಿದ್ದಳು. ಮಸ್ಕತ್‌ನಲ್ಲಿದ್ದ ಆಂಟನಿ ಎಂಬ ಹುಡುಗನ ಜೊತೆ ಮದುವೆಯ ಮಾತು ನಡೆದಿತ್ತು. ಹುಡುಗ ಒಳ್ಳೆಯವನೇ, ಫೋಟೋದಲ್ಲಿ ನಗುತ್ತಿದ್ದ. ತೊಂದರೆ ಅವನದ್ದಲ್ಲ.

"ವಾರ್ಡಿನಲ್ಲಿ ಯಾರಾದರೂ ಸಾಯುವಾಗ ನಾನು ಕೈ ಹಿಡಿದುಕೊಂಡು ನಿಲ್ತೇನೆ ಮೌಶಿ. ಆಗ ನನಗೆ ಅನಿಸ್ತದೆ, ನಾನು ಯಾರ ಮನೆಗೂ ಹೋಗುವವಳಲ್ಲ ಅಂತ. ಹೊರಗೆ ಬಂದು ಚಾ ಕುಡಿದ ಕೂಡಲೇ, ಇಲ್ಲ, ನನಗೂ ಮನೆ ಬೇಕು, ಮಕ್ಕಳು ಬೇಕು ಅನಿಸ್ತದೆ. ಯಾವುದು ದೇವರದ್ದು, ಯಾವುದು ನನ್ನದು?"

"ಕಾನ್ವೆಂಟಿಗೆ ಹೋಗಿ ಸಿಸ್ಟರಾಗುವ ಮನಸ್ಸು ಉಂಟಾ ಬಾಯೆ?"

"ಅದೇ ಗೊತ್ತಿಲ್ಲ. ಮನೆಯಲ್ಲಿ ಹೇಳಿದರೆ ಮುಗೀತು. ಯಾವ ಕಡೆಗಾದರೂ ತಳ್ಳಿಬಿಡ್ತಾರೆ. ನನಗೆ ತಳ್ಳುವವರು ಬೇಡ."

ರಜೆ ಸಿಕ್ಕಿದಾಗಲೆಲ್ಲ ಅವಳು ಬಂದಳು. ಮ್ಯಾಗ್ಡಲಿನ್ ತಳ್ಳಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಆ ಪ್ರಶ್ನೆ ಒದ್ದೆ ಬಟ್ಟೆಯ ಹಾಗೆ ಜಗಲಿಯಲ್ಲಿ ತೂಗುತ್ತಿತ್ತು. ನಿಧಾನವಾಗಿ ಒಣಗುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಪ್ರತಿ ಸಂಜೆ ಒಬ್ಬಳೇ ಜಪಸರ ಮುಗಿಸಿ, ಕೊನೆಗೆ ಆ ಹುಡುಗಿಗಾಗಿ ಒಂದು 'ಆಮ್ಚ್ಯಾ ಬಾಪಾ', ಅಂದರೆ 'ನಮ್ಮ ತಂದೆಯೇ' ಎಂಬ ಪ್ರಾರ್ಥನೆ, ಮನಸ್ಸಿನಲ್ಲಿ ಹೇಳುತ್ತಿದ್ದಳು. ದಿನವೂ ಅದೇ ಮಾತು: ದೇವರ ಕರೆ ಇದೆಯೋ ಇಲ್ಲವೋ ತಿಳಿಯದೆ ತೊಳಲುವ ಈ ಹುಡುಗಿಗಾಗಿ.

ಅಕ್ಟೋಬರ್ ಬಂತು. ಅದು ಜಪಸರದ ತಿಂಗಳು. ಮಾತೆಯ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ, ವಾಡೊದವರೆಲ್ಲ ಆ ಮನೆಯಲ್ಲಿ ಮೊಣಕಾಲೂರುತ್ತಾರೆ. ಜಪಸರ ಮುಗಿದ ಮೇಲೆ ಆ ಮನೆಯವರು ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಅದಕ್ಕಾಗಿ ಎಲ್ಲರೂ ಸೇರಿ ಒಂದು 'ಆಮ್ಚ್ಯಾ ಬಾಪಾ' ಹೇಳಬೇಕು. ಹಸುವಿನ ಕಾಯಿಲೆಗೆ, ಮಗನ ಪರೀಕ್ಷೆಗೆ, ಬಾವಿಯ ನೀರಿಗೆ, ಗಲ್ಫಿನ ವೀಸಾಕ್ಕೆ. ಹಲವರು ಸೇರಿ ಕೇಳಿದರೆ ದೇವರು ಬೇಗ ಕೇಳುತ್ತಾನೆಂದು ಎಲ್ಲರ ನಂಬಿಕೆ.

ಮ್ಯಾಗ್ಡಲಿನಳ ಸರದಿಯ ದಿನ ಅವಳು ಸತ್ತ ಅಪ್ಪ ಅಮ್ಮನ ಆತ್ಮಗಳಿಗಾಗಿ ಕೇಳುವುದೆಂದು ನಿರ್ಧರಿಸಿದ್ದಳು. ಪ್ರತಿಮೆಯ ಮುಂದೆ ಎರಡು ಬತ್ತಿ ಉರಿಯುತ್ತಿತ್ತು. ಅವಳೇ ಇಸ್ತ್ರಿ ಹಾಕಿದ ಬಿಳಿ ಬಟ್ಟೆ ಕೆಳಗೆ ಹಾಸಿತ್ತು. ಅಷ್ಟು ಧ್ವನಿಗಳು ಸೇರಿ ತನ್ನ ಮನೆಯನ್ನು ತುಂಬುವುದು ವರ್ಷಕ್ಕೊಮ್ಮೆ. ಮನಸ್ಸು ಕರಗಿಹೋಗಿತ್ತು.

"ಬಾಯಿ, ನಿಮ್ಮ ಮನೆಯ ಕೋರಿಕೆ?" ಎಂದು ಜೋಕಿಮ್ ಕೇಳಿದರು.

ನಾಲ್ಕು ತಿಂಗಳಿಂದ ಆ ಜಾಗದಲ್ಲಿ ಬರುತ್ತಿದ್ದ ಮಾತೇ ನಾಲಿಗೆಗೆ ಬಂತು. "ನಮ್ಮ ವಾಡೊದ ಒಬ್ಬ ಹುಡುಗಿಗಾಗಿ. ದೇವರ ಕರೆ ಇದೆಯೋ ಇಲ್ಲವೋ ಅಂತ ತೊಳಲುವವಳಿಗಾಗಿ."

ಹೆಸರು ಹೇಳಿರಲಿಲ್ಲ. ಆದರೆ ಹದಿನಾಲ್ಕು ಮನೆಗಳಲ್ಲಿ ಮದುವೆಯ ವಯಸ್ಸಿನ ಹುಡುಗಿ ಇನ್ನೆಷ್ಟು ಜನ? ಇಬ್ಬರಿದ್ದರು, ಒಬ್ಬಳ ಮದುವೆ ಮೇ ತಿಂಗಳಲ್ಲಿ ಆಗಿತ್ತು. ತಲೆಗಳು ಜೋಕಿಮರ ಕಡೆ ತಿರುಗಿದವು. ಆಮೇಲೆ ಎಲ್ಲರೂ ಒಟ್ಟಿಗೆ 'ಆಮ್ಚ್ಯಾ ಬಾಪಾ' ಶುರು ಮಾಡಿದರು. ಎಂದಿಗಿಂತ ಗಟ್ಟಿಯಾಗಿ, ಎಂದಿಗಿಂತ ಭಕ್ತಿಯಿಂದ. ಲೊರ್ನಾಳ ತಾಯಿ ಜೆಸ್ಸಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮ್ಯಾಗ್ಡಲಿನಳಿಗೆ ಆ ನೀರು ಕಂಡ ಮೇಲೆಯೇ ತಾನು ಮಾಡಿದ್ದು ತಿಳಿಯಿತು.

ಯಾರಾದರೂ ಕೋಪ ಮಾಡಿದ್ದರೆ ಎಷ್ಟೋ ಒಳ್ಳೆಯದಿತ್ತು. ಯಾರೂ ಮಾಡಲಿಲ್ಲ. ಎಲ್ಲರಿಗೂ ಸಂತೋಷವಾಯಿತು. ವಾಡೊದಿಂದ ಒಬ್ಬಳು ಸಿಸ್ಟರ್! ಎರಡು ತಲೆಮಾರಿನಲ್ಲಿ ಮೊದಲನೆಯವಳು. ಜೆಸ್ಸಿ ಮನೆಮನೆಗೆ ಸಿಹಿ ಹಂಚಿದಳು. ಸುದ್ದಿ ಆಂಟನಿಯ ತಾಯಿಗೆ ತಲುಪಿ, ಆಕೆ ತಾನೇ ಬಂದು ಜೋಕಿಮರ ಕೈ ಹಿಡಿದು, "ದೇವರು ಕೇಳಿದವಳನ್ನು ನಾವು ಕೇಳುದು ಸರಿಯಲ್ಲ" ಎಂದು ಸಂಬಂಧ ಬಿಟ್ಟುಕೊಟ್ಟಳು. ಎಲ್ಲರೂ ಒಳ್ಳೆಯವರು. ಮಣಿಪಾಲದಿಂದ ಲೊರ್ನಾ ಮನೆಗೆ ಬರುವಷ್ಟರಲ್ಲಿ ಅವಳ ಪ್ರಶ್ನೆಗೆ ಊರೇ ಉತ್ತರ ಕೊಟ್ಟಾಗಿತ್ತು.

ಕಾನ್ವೆಂಟಿಗೆ ಹೊರಡುವ ಮೊದಲು ಲೊರ್ನಾ ರೂಢಿಯಂತೆ ಮನೆಮನೆಗೆ ಹೋಗಿ ಹಿರಿಯರ ಬೆಸಾಂವ್, ಅಂದರೆ ಆಶೀರ್ವಾದ, ಕೇಳಿದಳು. ಮ್ಯಾಗ್ಡಲಿನಳ ಮನೆಗೂ ಬಂದಳು. ಕೈ ಜೋಡಿಸಿ, ತಲೆ ಬಗ್ಗಿಸಿ, "ಬೆಸಾಂವ್ ಮೌಶಿ" ಎಂದಳು. ಅಷ್ಟೇ. ಆಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ನಿಂತಳು. ಎಲ್ಲರಿಗೂ ಪ್ರಶ್ನೆ ಕೇಳುತ್ತಿದ್ದ ಮ್ಯಾಗ್ಡಲಿನ್, ನಿನಗೆ ಹೋಗಲು ಮನಸ್ಸುಂಟಾ ಎಂಬ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಯಾವ ಮುಖದಿಂದ ಕೇಳುವುದು ಎಂದುಕೊಂಡಳು. ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಕಳಿಸಿದಳು.

ನವೆಂಬರಿನ ಸಭೆಯಲ್ಲಿ ಫಾದರ್ ಕಜೆಟನ್ ಕೋಣೆಯ ವಿಷಯ ಎತ್ತಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಆದರೆ ಬೆಂಚು ಆಗಲೇ ಖಾಲಿಯಾಗತೊಡಗಿತ್ತು. ಸಂತೋಷಪಟ್ಟವರೇ ಒಳಗೊಳಗೆ ಲೆಕ್ಕ ಹಾಕಿದ್ದರು: ಇಂದು ಅವಳದ್ದು, ನಾಳೆ ನಮ್ಮದು. ಮರುವರ್ಷ ಪಾದ್ರ್ಯಾಬರಿಗೆ ಕಾರ್ಕಳಕ್ಕೆ ವರ್ಗವಾಯಿತು. ಕೋಣೆಗೆ ಹಬ್ಬದ ಧ್ವನಿವರ್ಧಕ ಮತ್ತು ಹಳೆಯ ಬೆಂಚುಗಳು ಬಂದವು.

ಲೊರ್ನಾ ಒಂದೂವರೆ ವರ್ಷಕ್ಕೆ ಕಾನ್ವೆಂಟ್ ಬಿಟ್ಟು ಬಂದಳು. ಬಿಟ್ಟು ಬಂದವಳು ಎಂಬ ಮಾತು ಅವಳಿಗಿಂತ ಮೊದಲೇ ಮನೆ ತಲುಪಿತ್ತು. ಆಂಟನಿಗೆ ಆಗಲೇ ಬೇರೆ ಕಡೆ ಮದುವೆಯಾಗಿತ್ತು. ಅವಳು ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ, ನರ್ಸುಗಳ ವಸತಿಯಲ್ಲೇ ಉಳಿದಳು. ಕ್ರಿಸ್ಮಸ್‌ಗೆ ಬಂದಾಗಲೂ ಕೊನೆಯ ಮನೆಯವರೆಗೆ ಬರುತ್ತಿರಲಿಲ್ಲ.

ಮ್ಯಾಗ್ಡಲಿನ್ ಬೆಂಚಿನ ಮೇಲೆ ಬಟ್ಟೆಯ ಬುಟ್ಟಿ ಇಟ್ಟಳು. ವೆರೊನಿಕಾ ಒಮ್ಮೆ ಬಂದಾಗಲೂ ಬುಟ್ಟಿ ತೆಗೆಯಲಿಲ್ಲ, "ಪಾದ್ರ್ಯಾಬರ ಹತ್ರ ಹೋಗು" ಎಂದಳು. ತನಗೆ ತಾನೇ ವಿಧಿಸಿಕೊಂಡ ಶಿಕ್ಷೆ ಅದು. ಅದರ ಭಾರ ವೆರೊನಿಕಾಳ ಮೇಲೂ ಬಿತ್ತೆಂದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಬೇಬಿ ಮಾತ್ರ ಬೆಂಚಿಲ್ಲದಿದ್ದರೆ ಮೆಟ್ಟಿಲು ಎಂದು ಕೂತು, ನಡೆದದ್ದನ್ನು ಪೂರ್ತಿ ಕೇಳಿ, ಎಲೆ ಅಡಿಕೆ ಜಗಿಯುತ್ತ ಯೋಚಿಸಿದ್ದಳು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ ಬಾಯಮ್ಮ. ನಿಮ್ಮ ದೇವರಿಗೆ ಕಿವಿ ಕೇಳುದಿಲ್ವಾ?"

"ಎಂತಕ್ಕೆ?"

"ಅಲ್ಲ, ಅಷ್ಟು ಗಟ್ಟಿಯಾಗಿ ಹೇಳಿದಿರಲ್ಲ."

೧೯೮೬ರ ಜುಲೈಯಲ್ಲಿ ಅದೇ ಬೇಬಿ ಕೋಪದಿಂದ ಉರಿಯುತ್ತ ಬಂದಳು. ದೇಜಪ್ಪ ದೋಣಿಯ ಅಂಚಿಗೆ ಬಿದ್ದು ಬೆನ್ನು ಮುರಿದುಕೊಂಡು ಮಣಿಪಾಲದಲ್ಲಿ ಒಂದೂವರೆ ತಿಂಗಳು ಮಲಗಿದ್ದ. ಈಗ ಮನೆಗೆ ಬಂದಿದ್ದ.

"ಆ ಗುರ್ಕಾರರ ಮಗಳು ಉಂಟಲ್ಲ, ನರ್ಸು. ಡ್ಯೂಟಿ ಮುಗಿದ ಮೇಲೂ ಇವರ ಹತ್ರ ಕೂತುಕೊಳ್ಳುದು. ನನ್ನ ಹತ್ರ ಇಪ್ಪತ್ತು ವರ್ಷ ಬಾಯಿ ಬಿಡದ ಜನ, ಆ ಹುಡುಗಿಯ ಹತ್ರ ಗಂಟೆಗಟ್ಟಲೆ ಮಾತು! ಎಂತ ಹೇಳಿದರು ಅಂತ ಕೇಳಿದೆ. ಹೇಳುದಿಲ್ಲ ಅಂತಾಳೆ. ಕಟ್ಟಿಕೊಂಡ ಹೆಂಡತಿಗೇ ಹೇಳುದಿಲ್ಲ ಮಾರಾಯ್ತಿ! 'ಅವರನ್ನೇ ಕೇಳಿ ಬೇಬಿಯಕ್ಕ' ಅಂತಾಳೆ."

"ಕೇಳಿದಿಯಾ?"

ಬೇಬಿಯ ಸ್ವರ ಇಳಿಯಿತು. "ಕೇಳಿದೆ. ಸ್ವಲ್ಪ ಹೇಳಿದರು."

ಮ್ಯಾಗ್ಡಲಿನಳ ಕೈಯಲ್ಲಿ ಪೆಟ್ಟಿಗೆ ನಿಂತುಹೋಯಿತು. ಬಟ್ಟೆಯ ಮೇಲೆ ಹಳದಿ ಗುರುತು ಬಿದ್ದದ್ದು ಬೇಬಿ ಕೂಗಿದ ಮೇಲೆಯೇ ಅವಳಿಗೆ ಕಂಡದ್ದು.

ಆಗಸ್ಟಿನಲ್ಲಿ ಕಾರ್ಕಳದಿಂದ ಫಾದರ್ ಕಜೆಟನರ ಕಾಗದ ಬಂತು. ಹೃದಯದ ತೊಂದರೆ, ಹೆಚ್ಚು ಓಡಾಡುವ ಹಾಗಿಲ್ಲ, ಒಮ್ಮೆ ಬಂದು ಹೋಗಿ. ಅವಳು ಉಡುಪಿಯಲ್ಲಿ ಬಸ್ಸು ಬದಲಿಸಿ, ಮಣಿಪಾಲ, ಹಿರಿಯಡ್ಕ ದಾಟಿ ಹೋದಳು. ಕುರ್ಚಿಯಲ್ಲಿ ಕೂತಿದ್ದ ಪಾದ್ರ್ಯಾಬರು ತಮ್ಮ ಬಿಳಿ ನಿಲುವಂಗಿಯೊಳಗೆ ಸಣ್ಣಗಾಗಿದ್ದರು. ಆದರೆ ಕಣ್ಣಿನಲ್ಲಿ ಹಳೆಯ ಗಾಳಿ ಇನ್ನೂ ಇತ್ತು.

"ಕೊನೆಗೂ ಶುರು ಮಾಡ್ತಾರೆ ಬಾಯಿ. ಜನವರಿಯಿಂದ ತರಬೇತಿ, ಸಾಮಾನ್ಯ ಜನರಿಗೆ, ಹೆಂಗಸರಿಗೂ. ಈ ಕಡೆಯಿಂದ ಐದು ಹೆಸರು ಕೇಳಿದ್ದಾರೆ, ಅಕ್ಟೋಬರ್ ಮುಗಿಯುವುದರೊಳಗೆ ಕಳಿಸಬೇಕು. ಮೊದಲ ಹೆಸರು ನಿಮ್ಮದು ಅಂತ ಎಂಟು ವರ್ಷದಿಂದ ಬರೆದಿಟ್ಟಿದ್ದೇನೆ."

"ನಾನು ಆ ಕೆಲಸವನ್ನು ಕೆಡಿಸಿದವಳು ಪಾದ್ರ್ಯಾಬ್."

ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಬೆಂಗಳೂರಿನಲ್ಲಿ ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಕೇಳಿದ್ದನ್ನು ಪ್ರಾರ್ಥನೆಯ ರೂಪದಲ್ಲೂ ಹೊರಗೆ ಬಿಡಬಾರದು ಅಂತ. ನಿಮಗೆ ಕೋಣೆ ಕೊಡ್ತೇನೆ ಅಂದೆ, ಕುರ್ಚಿ ಕೊಡ್ತೇನೆ ಅಂದೆ. ಆ ಒಂದು ಮಾತು ಹೇಳಲಿಲ್ಲ. ನಿಮಗೆ ಗೊತ್ತಿರ್ತದೆ ಅಂದುಕೊಂಡೆ. ಎಂಟು ವರ್ಷ ಅದನ್ನು ನಿಮಗೆ ಬರೆಯುವ ಧೈರ್ಯವೂ ಆಗಲಿಲ್ಲ."

ಹೊರಗೆ ಯಾರೋ ಅಂಗಳ ಗುಡಿಸುತ್ತಿದ್ದರು. ಮ್ಯಾಗ್ಡಲಿನ್ ಸೆರಗಿನ ತುದಿಯ ಮಡಿಕೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿದಳು.

"ಲೊರ್ನಾ ಇದ್ದಾಳಲ್ಲ, ಅವಳಿಗೆ ಆ ಕಿವಿ ಉಂಟು" ಎಂದಳು ಮ್ಯಾಗ್ಡಲಿನ್. "ಬಾಯಿ ಮುಚ್ಚಿಕೊಳ್ಳುದೂ ಗೊತ್ತುಂಟು. ಅದನ್ನು ನಾನೇ ಕಲಿಸಿದ ಹಾಗಾಯ್ತು, ಬೇರೆ ರೀತಿಯಲ್ಲಿ."

ಪಾದ್ರ್ಯಾಬರ ಮುಖ ಅರಳಿತು. "ಜೋಕಿಮರ ಮಗಳಾ? ಒಳ್ಳೆಯದಾಯ್ತು" ಎಂದು ಪೆನ್ನು ತೆಗೆದರು. ಅವಳು ಎದ್ದು ಹೋಗಿ ಕಾಗದದ ಮೇಲೆ ಅಂಗೈ ಇಟ್ಟಳು. ಧರ್ಮಗುರುವಿನ ಕೈಗೆ ಅಡ್ಡ ಬಂದದ್ದು ಬದುಕಿನಲ್ಲಿ ಅದೇ ಮೊದಲು.

"ಅವಳನ್ನು ಕೇಳದೆ ಬರೆಯಬೇಡಿ."

ಹಿಂತಿರುಗುವಾಗ ಅವಳು ಮಣಿಪಾಲದಲ್ಲಿ ಇಳಿದಳು. ಲೊರ್ನಾ ಬಿಳಿ ಸಮವಸ್ತ್ರದಲ್ಲೇ ವಸತಿಯ ಗೇಟಿಗೆ ಬಂದಳು. ಮೂವತ್ತರ ಅವಳ ಕಿವಿಯ ಬಳಿ ಒಂದೆರಡು ಬಿಳಿ ಕೂದಲು.

"ಎಂತ ಮೌಶಿ, ಯಾರಿಗೆ ಹುಷಾರಿಲ್ಲ?"

"ಯಾರಿಗೂ ಎಂತದೂ ಇಲ್ಲ ಬಾಯೆ. ಒಂದು ಕೇಳ್ಲಿಕ್ಕೆ ಬಂದೆ." ತರಬೇತಿಯ ವಿಷಯ ಹೇಳಿದಳು. ಈ ಸಲ ತಲೆ ಎತ್ತಿ, ಮುಖ ನೋಡಿ ಹೇಳಿದಳು. ಕೈಗೆ ಇಸ್ತ್ರಿ ಪೆಟ್ಟಿಗೆ ಇಲ್ಲದೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

"ಇದು ಎಷ್ಟು ಜನರಿಗೆ ಗೊತ್ತುಂಟು?"

"ಪಾದ್ರ್ಯಾಬರಿಗೆ. ನನಗೆ."

"ಪಪ್ಪನಿಗೆ? ಮಮ್ಮಿಗೆ?"

"ಇಲ್ಲ."

ಲೊರ್ನಾ ಗೇಟಿನ ಕಂಬಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮ್ಯಾಗ್ಡಲಿನ್ ಹೇಳಿದಳು: "ಅವತ್ತು ನೀನು ಬೆಸಾಂವ್‌ಗೆ ಬಂದಾಗ ನಾನು ಕೇಳಬೇಕಿತ್ತು."

"ಹೌದು, ಕೇಳಬೇಕಿತ್ತು." ಸ್ವರದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಹನ್ನೆರಡು ಮನೆಗೆ ಹೋಗಿ ನಿಮ್ಮ ಮನೆಗೆ ಕೊನೆಗೆ ಬಂದೆ. ನೀವೊಬ್ಬರು ಕೇಳ್ತೀರಿ ಅಂತ. ಕೇಳಿದ್ದರೆ ಇಲ್ಲ ಅಂತಿದ್ದೆ."

ಎರಡು ಬಸ್ಸು ಹೋದವು. ಕ್ಷಮಿಸು ಎನ್ನಬೇಕೆಂದಿದ್ದ ಮ್ಯಾಗ್ಡಲಿನಳಿಗೆ, ಆ ಹುಡುಗಿಯ ಎಂಟು ವರ್ಷಗಳ ಮುಂದೆ ಆ ಮಾತು ತೀರ ಸಣ್ಣದಾಗಿ ಕಂಡಿತು.

"ಯೋಚನೆ ಮಾಡ್ತೇನೆ" ಎಂದಳು ಲೊರ್ನಾ.

"ನನಗೆ ಹೇಳಬೇಕು ಅಂತಿಲ್ಲ. ಹೌದಾದರೂ ಇಲ್ಲವಾದರೂ ಪಾದ್ರ್ಯಾಬರಿಗೇ ಬರೆ."

"ಮತ್ತೆ ಮೌಶಿ..."

"ಗೊತ್ತುಂಟು ಬಾಯೆ. ಯಾರಿಗೂ ಹೇಳುದಿಲ್ಲ."

ಮನೆಗೆ ಬಂದವಳು ಬೆಂಚಿನ ಮೇಲಿನ ಬುಟ್ಟಿಯನ್ನು ತೆಗೆದು ಕೆಳಗಿಟ್ಟಳು. ಮಾರನೆಯ ಗುರುವಾರ ಅದನ್ನು ಕಂಡವಳು ಬೇಬಿ. "ಓ, ಜಾಗ ಆಯ್ತಾ? ನನ್ನ ಸೊಂಟಕ್ಕೆ ಆ ಮೆಟ್ಟಿಲು ಸಾಕಾಗಿತ್ತು" ಎಂದು ಕೂತಳು. ವೆರೊನಿಕಾ ಬರಲಿಲ್ಲ. ಅವಳು ಹಿಂದಿನ ವರ್ಷವೇ ಮಗನ ಜೊತೆ ಊರು ಬಿಟ್ಟಿದ್ದಳು.

ಅಕ್ಟೋಬರಿನಲ್ಲಿ ಪ್ರತಿಮೆ ಮತ್ತೆ ಕೊನೆಯ ಮನೆಗೆ ಬಂತು. ಬಿಡದ ಮಳೆ. ಗದ್ದೆಯಲ್ಲಿ ಕೊಯ್ಲಿಗೆ ಬಂದ ಭತ್ತ ಮಲಗಿತ್ತು. ಒದ್ದೆ ಕೊಡೆಗಳನ್ನು ಜಗಲಿಯಲ್ಲಿ ಬಿಚ್ಚಿಟ್ಟು ವಾಡೊದವರು ಒಳಗೆ ಮೊಣಕಾಲೂರಿದರು. ಜೆಸ್ಸಿ ಮ್ಯಾಗ್ಡಲಿನಳ ಪಕ್ಕದಲ್ಲೇ ಇದ್ದಳು. ಮಗಳು ಕಾಗದ ಬರೆದಳೋ ಇಲ್ಲವೋ, ಮ್ಯಾಗ್ಡಲಿನಳಿಗೆ ತಿಳಿದಿರಲಿಲ್ಲ. ಕಾರ್ಕಳದಿಂದಲೂ ಸುದ್ದಿ ಇರಲಿಲ್ಲ. ಹೆಸರು ಕಳಿಸಲು ಇನ್ನು ಒಂಬತ್ತು ದಿನ ಉಳಿದಿತ್ತು.

ಜಪಸರ ಮುಗಿಯಿತು. ಜೋಕಿಮ್ ತಿರುಗಿ ನೋಡಿದರು. ಎಂಟು ವರ್ಷಗಳಿಂದ ಈ ಮನೆಯಲ್ಲಿ ಇದನ್ನು ಕೇಳುವಾಗ ಅವರ ಸ್ವರ ಸ್ವಲ್ಪ ತಗ್ಗುತ್ತಿತ್ತು.

"ಬಾಯಿ, ನಿಮ್ಮ ಮನೆಯ ಕೋರಿಕೆ?"

ಮಾತು ನಾಲಿಗೆಯ ತುದಿಯಲ್ಲಿತ್ತು, ಪೂರ್ತಿಯಾಗಿ, ಹೆಸರಿನ ಸಮೇತ. ಅವಳು ಅದನ್ನು ನುಂಗಿದಳು.

"ಗದ್ದೆಯಲ್ಲಿ ಬಿದ್ದ ಭತ್ತ ಮೊಳಕೆ ಬಾರದಿರಲಿ" ಎಂದಳು.

ಎಲ್ಲರಿಗೂ ಅದು ಬೇಕಾದದ್ದೇ. ಹದಿಮೂರು ಮನೆಯವರು ಮಳೆಯ ಸದ್ದನ್ನೂ ಮೀರಿ ಭತ್ತಕ್ಕಾಗಿ 'ಆಮ್ಚ್ಯಾ ಬಾಪಾ' ಹೇಳಿದರು. ಮ್ಯಾಗ್ಡಲಿನಳ ತುಟಿಯೂ ಅವರ ಜೊತೆ ಆಡಿತು. ಅದರ ಕೆಳಗೆ ಇನ್ನೊಂದು ಪ್ರಾರ್ಥನೆ ನಡೆಯುತ್ತಿತ್ತು. ಅವಳ ತೋಳಿಗೆ ತೋಳು ತಾಗಿಸಿ ಮೊಣಕಾಲೂರಿದ್ದ ಜೆಸ್ಸಿಗೂ ಅದು ಕೇಳಿಸಲಿಲ್ಲ.